ಸನದು ಸಿಕ್ಕಿದ ಮೇಲೆ ಏನು? ಹಾಸನದಲ್ಲಿ ವಕೀಲರಾಗುವ ದಾರಿ

ಪಿಯುಸಿ ಫಲಿತಾಂಶ ಬಂದ ವಾರದಿಂದ ಹಾಸನದ ವಕೀಲರ ಆಫೀಸುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ತಮ್ಮ ಕೇಸಿನ ಮಾತು ಮುಗಿಸಿ ಎದ್ದ ಕಕ್ಷಿದಾರರು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ತಿರುಗಿ ನಿಲ್ಲುತ್ತಾರೆ. "ಸಾರ್, ನಮ್ ಹುಡುಗಿನ ಲಾ ಓದಿಸಬಹುದಾ? ಇದ್ರಲ್ಲಿ ಜೀವನ ಆಗುತ್ತಾ?"

ಕೇಳಿದ್ದು ಒಂದೇ ಉಸಿರಿನಲ್ಲಾದರೂ ಇವು ಎರಡು ಪ್ರಶ್ನೆ. ಓದಿಸಬಹುದಾ ಅನ್ನುವುದಕ್ಕೆ ಉತ್ತರ ನಿಯಮದ ಪುಸ್ತಕದಲ್ಲಿದೆ. ಜೀವನ ಆಗುತ್ತಾ ಅನ್ನುವುದಕ್ಕೆ ಉತ್ತರ ಪದವಿ ಮುಗಿದ ಮೇಲಿನ ಮೂರ್ನಾಲ್ಕು ವರ್ಷದಲ್ಲಿದೆ. ಆ ವರ್ಷಗಳ ಬಗ್ಗೆ ಕಾಲೇಜಿನವರು ಮಾತಾಡುವುದು ಕಡಿಮೆ. ಅದಕ್ಕೇ ಇಲ್ಲಿ ಓದಿನ ವಿಷಯ ಬೇಗ ಮುಗಿಸಿ, ಆಮೇಲಿನದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಓದು

ಕಾನೂನು ಪದವಿಗೆ ಎರಡು ದಾರಿ. ಪಿಯುಸಿ ಆದ ತಕ್ಷಣ ಸೇರುವ 5 ವರ್ಷದ ಕೋರ್ಸು, ಅಂದರೆ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಇತ್ಯಾದಿ. ಇಲ್ಲವೇ ಯಾವುದಾದರೂ ಡಿಗ್ರಿ ಮುಗಿಸಿ ಸೇರುವ 3 ವರ್ಷದ ಎಲ್‌ಎಲ್‌ಬಿ. ಪಿಯುಸಿಯಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದಿದ್ದರೂ ನಡೆಯುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಹಿಂದಿನ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಬೇಕು.

ಎಲ್‌ಎಲ್‌ಬಿಯನ್ನು ಅಂಚೆ ಶಿಕ್ಷಣದಲ್ಲಿ ಮಾಡಲು ಬರುವುದಿಲ್ಲ. ಕ್ಲಾಸಿಗೆ ಹೋಗಲೇಬೇಕು, ನಿಯಮದಲ್ಲಿ ಶೇ. 70 ಹಾಜರಾತಿ ಅಂತಿದೆ. "ಅಡ್ಮಿಷನ್ ಮಾಡಿಸಿ, ಪರೀಕ್ಷೆಗೆ ಮಾತ್ರ ಬನ್ನಿ" ಅನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಹಾಗೆ ಓದಿದವರು ಕೋರ್ಟಿಗೆ ಬಂದ ಮೊದಲ ತಿಂಗಳಲ್ಲೇ ಗೊತ್ತಾಗಿಬಿಡುತ್ತಾರೆ. ಅವರಿಗೂ ಗೊತ್ತಾಗುತ್ತದೆ.

ನಮ್ಮ ಕಡೆಯ ಕಾಲೇಜುಗಳು ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು ಶುರುವಾದದ್ದು 2009ರಲ್ಲಿ. ಹಾಸನದಲ್ಲಿ ಎಂ. ಕೃಷ್ಣ ಕಾನೂನು ಕಾಲೇಜು ಇದೆ, ಹೊಳೆನರಸೀಪುರದಲ್ಲಿ ಸರ್ಕಾರಿ ಕಾನೂನು ಕಾಲೇಜು ಇದೆ. ಇಂಥ ಕಡೆ ಸಾಮಾನ್ಯವಾಗಿ ಅಂಕದ ಮೇಲೆ ಸೀಟು ಸಿಗುತ್ತದೆ, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಲೆಕ್ಕವೇ ಬೇರೆ. ಅಲ್ಲಿನ 5 ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿ, ದೇಶದ ಎಲ್ಲ ಕಡೆಯ ಮಕ್ಕಳ ಜೊತೆ ಪೈಪೋಟಿ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಅಲ್ಲಿ ಶೇ. 25 ಸೀಟು ಮೀಸಲಿದೆ. ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಓದಿನಲ್ಲಿ ಚುರುಕಿದ್ದರೆ ಪ್ರಯತ್ನ ಪಡಲಿ, ಬಾರದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ.

ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ಚಿಕ್ಕಪ್ಪನ ಮಗ ಓದಿದ ಪುಸ್ತಕ ಮನೆಯಲ್ಲಿದೆ ಅಂತ ಅದನ್ನೇ ಹಿಡಿದುಕೊಳ್ಳಬೇಡಿ. 2024ರ ಜುಲೈ 1ರಿಂದ ಅಪರಾಧ ಕಾನೂನುಗಳು ಬದಲಾಗಿವೆ. 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ಅಪರಾಧ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ. ಕೊಲೆಯ 302ನೇ ಕಲಮು ಈಗ 103. ಊರವರ ಬಾಯಲ್ಲಿ ಬೈಗುಳವೇ ಆಗಿಹೋಗಿದ್ದ 420 ಈಗ 318ರೊಳಗೆ ಸೇರಿಕೊಂಡಿದೆ. ಹಾಗಂತ ಹಳೆಯದನ್ನು ಮರೆಯುವ ಹಾಗೂ ಇಲ್ಲ. ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಲಾಗೂ. ಅಂಥ ಕೇಸುಗಳು ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ಇರುತ್ತವೆ. ಈಗ ಓದುವವರಿಗೆ ಎರಡು ಪಾಲು ಕೆಲಸ ಅಲ್ವಾ? ಹೌದು.

ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಅಂತ ಇದೆ. 3 ವರ್ಷದವರಿಗೆ ಕನಿಷ್ಠ 12 ವಾರ, 5 ವರ್ಷದವರಿಗೆ 20 ವಾರ. ಸುಮ್ನೆ ಸರ್ಟಿಫಿಕೇಟಿಗೆ ಸಹಿ ಹಾಕಿಸಿಕೊಂಡು ಬಂದರೆ ನಷ್ಟ ನಿಮಗೇ. ಮುಂದೆ ಯಾರ ಆಫೀಸಿಗೆ ಸೇರಬೇಕು ಅನ್ನುವುದನ್ನು ಖರ್ಚಿಲ್ಲದೆ ನೋಡಿಕೊಳ್ಳಲು ಸಿಗುವ ಅವಕಾಶ ಅದು.

ಸನದು

ಪದವಿ ಸಿಕ್ಕಿದರೆ ವಕೀಲರಾದ ಹಾಗಲ್ಲ. 1961ರ ವಕೀಲರ ಕಾಯ್ದೆಯಂತೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 21 ವರ್ಷ ತುಂಬಿರಬೇಕು. ಈ ನೋಂದಣಿಗೇ ನಾವು ಸನದು ಮಾಡಿಸುವುದು ಅನ್ನುವುದು.

ಇದರ ಶುಲ್ಕದ್ದು ದೊಡ್ಡ ಕಥೆ. ಕಾಯ್ದೆಯ 24ನೇ ಕಲಮಿನಲ್ಲಿ ಇರುವುದು ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಆದರೆ ದೇಶದ ಬೇರೆ ಬೇರೆ ಪರಿಷತ್ತುಗಳು ಆ ನಿಧಿ, ಈ ನಿಧಿ ಅಂತ ಸೇರಿಸಿ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಇರುವುದಕ್ಕಿಂತ ಜಾಸ್ತಿ ನೋಂದಣಿ ಶುಲ್ಕ ಪಡೆಯುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಛಾಪಾ ಕಾಗದದ ಖರ್ಚು ಬೇರೆ. ಬಡವರ ಮನೆಯ ಮಕ್ಕಳಿಗೆ ಈ ತೀರ್ಪಿನಿಂದ ಆದ ಉಪಕಾರ ಸಣ್ಣದಲ್ಲ.

ಸನದು ಆದ ಮೇಲೂ ಒಂದು ಪರೀಕ್ಷೆ ಬಾಕಿ, ಎಐಬಿಇ, ಅಂದರೆ ವಕೀಲರ ಅರ್ಹತಾ ಪರೀಕ್ಷೆ. ಅಖಿಲ ಭಾರತ ಮಟ್ಟದ್ದು. 100 ಪ್ರಶ್ನೆ, ನಾಲ್ಕರಲ್ಲಿ ಒಂದು ಸರಿ ಉತ್ತರ ಆರಿಸುವುದು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಟಿಪ್ಪಣಿ ಇಲ್ಲದ ಮೂಲ ಕಾಯ್ದೆಯ ಪುಸ್ತಕ ಒಳಗೆ ತೆಗೆದುಕೊಂಡು ಹೋಗಬಹುದು. ಪಾಸಾಗಲು ಶೇ. 45, ಪರಿಶಿಷ್ಟರಿಗೆ ಶೇ. 40. ಕನ್ನಡದಲ್ಲೂ ಬರೆಯಬಹುದು. ಎರಡು ವರ್ಷದೊಳಗೆ ಪಾಸಾಗದಿದ್ದರೆ ಕೋರ್ಟಿನಲ್ಲಿ ವಾದ ಮಾಡುವ ಹಕ್ಕಿಗೆ ತಡೆ ಬೀಳುತ್ತದೆ. ಕಾಯ್ದೆಯ ಪುಸ್ತಕದಲ್ಲಿ ಯಾವ ಕಲಮು ಎಲ್ಲಿದೆ ಅಂತ ಬೇಗ ಹುಡುಕಲು ಬಂದರೆ ಈ ಪರೀಕ್ಷೆಗೆ ಹೆದರಬೇಕಿಲ್ಲ.

ಸೀನಿಯರ್ ಆಫೀಸು

ವಕೀಲಿಕೆ ಕಲಿಯುವುದು ಇಲ್ಲಿ. ಹಾಸನದ ಹೆಚ್ಚಿನ ಆಫೀಸುಗಳ ದಿನ ಹೀಗಿರುತ್ತದೆ. ಬೆಳಗ್ಗೆ ಎಂಟೂವರೆಗೆ ಆಫೀಸು. ಹನ್ನೊಂದಕ್ಕೆ ಕೋರ್ಟು. ಸಂಜೆ ಆರಕ್ಕೆ ಮತ್ತೆ ಆಫೀಸು, ಎದ್ದು ಹೋಗುವಾಗ ಒಂಬತ್ತಾದರೂ ಆಶ್ಚರ್ಯವಿಲ್ಲ. ಜೂನಿಯರ್ ಮಾಡುವ ಕೆಲಸ ಮೊದಲಿಗೆ ಬೇಸರ ತರಿಸುತ್ತದೆ. ನಾಳೆಯ ಕೇಸುಗಳ ಫೈಲು ತೆಗೆದಿಡುವುದು, ಕೋರ್ಟಿನಲ್ಲಿ ಕೇಸು ಕೂಗಿದಾಗ "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಸ್ವಲ್ಪ ಹೊತ್ತು ಕೊಡಿ" ಅಂತ ಕೇಳಿಕೊಳ್ಳುವುದು, ಮುಂದಿನ ದಿನಾಂಕ ಡೈರಿಯಲ್ಲಿ ಬರೆದುಕೊಳ್ಳುವುದು, ನಕಲಿಗೆ ಅರ್ಜಿ ಹಾಕುವುದು, ಬೆಂಚ್ ಕ್ಲರ್ಕ್ ಹತ್ತಿರ ಸಮನ್ಸ್ ಜಾರಿಯಾಯಿತಾ ಅಂತ ವಿಚಾರಿಸುವುದು.

ಇದೆಲ್ಲ ಗುಮಾಸ್ತರ ಕೆಲಸ ಅನ್ನಿಸುತ್ತದೆ. ಅಲ್ಲ. ಕೇಸು ಯಾವ ಹಂತದಲ್ಲಿದೆ ಅಂತ ಕೈಗೆ ಗೊತ್ತಾಗುವುದು ಹೀಗೆಯೇ. ದಾವೆ ಹಾಕಿದ್ದಾಯಿತು, ಸಮನ್ಸ್ ಹೋಯಿತು, ಪ್ರತಿವಾದಿ ವಕಾಲತ್ತು ಹಾಕಿಸಿದ, ತಕರಾರು ಸಲ್ಲಿಸಲು 30 ದಿನ, ಕೋರ್ಟ್ ಒಪ್ಪಿದರೆ 90 ದಿನ. ಇದನ್ನು ಓದಿ ನೆನಪಿಟ್ಟುಕೊಳ್ಳುವುದು ಕಷ್ಟ. ಇಪ್ಪತ್ತು ಫೈಲಿನಲ್ಲಿ ಅದೇ ಆಗುವುದನ್ನು ನೋಡಿದರೆ ಮರೆಯುವುದು ಕಷ್ಟ.

ದಿನಾಂಕ ಅಂದೆ. ಅದರ ಬೆಲೆ ಗೊತ್ತಾಗಬೇಕಾದರೆ ಚೆಕ್ ಬೌನ್ಸ್ ಕೇಸು ನೋಡಬೇಕು. ಹೊಸಬರ ಕೈಗೆ ಮೊದಲು ಸಿಗುವ ಕೇಸೂ ಸಾಮಾನ್ಯವಾಗಿ ಇದೇ. ಚೆಕ್ಕು ವಾಪಸ್ ಬಂತು ಅಂತ ಬ್ಯಾಂಕಿನಿಂದ ಮಾಹಿತಿ ಸಿಕ್ಕಿದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಆ 15 ದಿನ ಮುಗಿದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ದೂರು ದಾಖಲಾಗಬೇಕು. ಕಕ್ಷಿದಾರರು ಏನು ಮಾಡುತ್ತಾರೆ ಅಂದರೆ, "ಕೊಡ್ತಾನೆ ಬಿಡಿ, ನಮ್ಮೂರವನೇ" ಅಂತ ಬ್ಯಾಂಕಿನ ಮೆಮೊವನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿ ಒಂದೂವರೆ ತಿಂಗಳು ಕಾಯುತ್ತಾರೆ. ಆಮೇಲೆ ಬರುತ್ತಾರೆ. ಜೂನಿಯರ್ ಆದವರು ಮೊದಲು ನೋಡಬೇಕಾದದ್ದು ಸಾಲ ಎಷ್ಟು ಅಂತ ಅಲ್ಲ, ಮೆಮೊ ಮೇಲಿನ ತಾರೀಖು. 30 ದಿನ ದಾಟಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಚೆಕ್ಕಿನ 3 ತಿಂಗಳ ಅವಧಿ ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಅದು ವಾಪಸ್ ಬಂದ ದಿನದಿಂದ ಲೆಕ್ಕ ಶುರು ಮಾಡಬಹುದು. ಅದೂ ಮುಗಿದಿದ್ದರೆ 138 ಕೈತಪ್ಪಿದ ಹಾಗೆ. ಆಮೇಲೆ ವಸೂಲಿಗೆ ಸಿವಿಲ್ ದಾವೆಯ ಉದ್ದನೆಯ ದಾರಿ.

ಇನ್ನು ಜಮೀನು. ನಮ್ಮ ಜಿಲ್ಲೆಯ ಸಿವಿಲ್ ಕೋರ್ಟುಗಳ ಜೀವಾಳವೇ ಅದು. ಸಕಲೇಶಪುರ, ಬೇಲೂರಿನ ಕಡೆ ಕಾಫಿ ತೋಟದ ಪಾಲು, ಅರಸೀಕೆರೆ ಕಡೆ ತೆಂಗಿನ ತೋಟದ ಬದು, ಹೇಮಾವತಿ ಜಲಾಶಯಕ್ಕೆ ಭೂಮಿ ಕೊಟ್ಟವರ ಮನೆಗಳಲ್ಲಿ ಪರಿಹಾರದ ಹಳೇ ಕಾಗದ. ಒಂದು ಸಾಮಾನ್ಯ ಕೇಸು ತೆಗೆದುಕೊಳ್ಳೋಣ. ಮದುವೆಯಾಗಿ ಬೇರೆ ಊರಲ್ಲಿರುವ ಹೆಣ್ಣುಮಗಳು ಬರುತ್ತಾರೆ. "ಅಪ್ಪ ತೀರ್ಕೊಂಡ ಮೇಲೆ ಅಣ್ಣ ಜಮೀನೆಲ್ಲ ತನ್ನ ಹೆಸರಿಗೆ ಖಾತೆ ಮಾಡಿಸ್ಕೊಂಡಿದಾನೆ. ನಂಗೆ ಪಾಲು ಬರುತ್ತಾ?"

"ಬರುತ್ತೆ" ಅಂತ ತಕ್ಷಣ ಹೇಳುವ ಜೂನಿಯರನ್ನು ಸೀನಿಯರ್ ಬೈಯುತ್ತಾರೆ. ಬೈಯುವುದು ಸರಿ. ಮೊದಲು ಕೇಳಬೇಕಾದದ್ದು, ಜಮೀನು ಅಪ್ಪನಿಗೆ ಎಲ್ಲಿಂದ ಬಂತು? ಅಜ್ಜನ ಕಾಲದ ಪಿತ್ರಾರ್ಜಿತವಾ, ದುಡಿದು ಕೊಂಡ ಸ್ವಯಾರ್ಜಿತವಾ, ಸರ್ಕಾರ ಕೊಟ್ಟ ದರಖಾಸ್ತು ಜಮೀನಾ? ಹಿಂದೂ ಕುಟುಂಬದಲ್ಲಿ ಪಿತ್ರಾರ್ಜಿತವಾದರೆ ಒಂದು ಕಾನೂನು. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಕ್ಕು ಬಂತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ್ದು 2020ರ ಆಗಸ್ಟಿನಲ್ಲಿ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದನ್ನು ಕೆದಕಲು ಆಗುವುದಿಲ್ಲ. ಸ್ವಯಾರ್ಜಿತವಾಗಿದ್ದು ಅಪ್ಪ ವಿಲ್ ಬರೆಯದೆ ಹೋಗಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅಪ್ಪನ ತಾಯಿ, ಎಲ್ಲರಿಗೂ ಸಮಪಾಲು. ವಿಲ್ ಇದ್ದರೆ ಜಗಳ ಬೇರೆ ದಿಕ್ಕಿಗೆ ಹೋಗುತ್ತದೆ. ದರಖಾಸ್ತು ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾಗಿದ್ದು ಬೇರೆಯವರಿಗೆ ಮಾರಿದ್ದರೆ ಅಂಥ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬಾಗಿಲು ತಟ್ಟುತ್ತದೆ.

ಇದೆಲ್ಲ ತಿಳಿಯುವುದು ಪಹಣಿಯಿಂದ. ಕಾಲಂ 9ರಲ್ಲಿ ಹೆಸರು ನೋಡಿ ಪಹಣಿ ಮಡಚಿಡುವವರು ಜಾಸ್ತಿ. ಪಳಗಿದ ಸಿವಿಲ್ ವಕೀಲರ ಕಣ್ಣು ಮೊದಲು ಕಾಲಂ 10ಕ್ಕೆ ಹೋಗುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು, ಯಾವ ಮ್ಯುಟೇಷನ್ (ಖಾತೆ ಬದಲಾವಣೆ) ನಂಬರಿನಿಂದ ಅಂತ ಇರುವುದು ಅಲ್ಲಿ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಎಂಆರ್, ಅಂದರೆ ಮ್ಯುಟೇಷನ್ ರಿಜಿಸ್ಟರಿನ ಪ್ರತಿ ತೆಗೆಸಿದರೆ, ಅಣ್ಣ ಕೊಟ್ಟ ಅರ್ಜಿ ಏನು, ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟಿದ್ದಾನಾ ಅನ್ನುವುದು ಹೊರಬೀಳುತ್ತದೆ. ಕಾಲಂ 11ರಲ್ಲಿ ಸಾಲ, ಋಣ. ಕಾಲಂ 12ರಲ್ಲಿ ಉಳುಮೆ ಮಾಡುತ್ತಿರುವವರು. ಕಂಪ್ಯೂಟರ್ ಪಹಣಿಗಿಂತ ಹಿಂದಕ್ಕೆ, ಕೈಬರಹದ ಪಹಣಿಗೂ ಹೋಗಬೇಕು. ಗೇಣಿ ಜಮೀನಿನ ಪ್ರಶ್ನೆ ಇದ್ದರಂತೂ 1974ರ ಮಾರ್ಚ್ 1ರಂದು ಉಳುತ್ತಿದ್ದವರು ಯಾರು ಅನ್ನುವುದೇ ಮುಖ್ಯ. ಕೊನೆಗೆ, ಖಾತೆ ಆದ ಮಾತ್ರಕ್ಕೆ ಮಾಲೀಕತ್ವ ಬಂದುಬಿಡುವುದಿಲ್ಲ. ಇದನ್ನು ಅಣ್ಣನಿಗೂ ಹೇಳಬೇಕು, ತಂಗಿಗೂ ಹೇಳಬೇಕು.

ಕೇಸು ಗೆದ್ದ ದಿನ ಇನ್ನೊಂದು ಮಾತು ಹೇಳಬೇಕಾಗುತ್ತದೆ. ವಿಭಾಗದ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ನಿಮಗೆ ಮೂರರಲ್ಲಿ ಒಂದು ಪಾಲು ಅಂತ ಅದರಲ್ಲಿ ಇರುತ್ತದೆ, ಯಾವ ಮೂಲೆ ಅಂತ ಇರುವುದಿಲ್ಲ. ಅದಕ್ಕೆ ಎಫ್‌ಡಿಪಿ ಅಂತ, ಅಂದರೆ ಅಂತಿಮ ಡಿಕ್ರಿಯದ್ದು, ಮತ್ತೊಂದು ಹಂತ. ಕಂದಾಯದ ಜಮೀನಾದರೆ ಅಳೆದು ಹಂಚುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಕಂದಾಯ ಇಲಾಖೆಗೆ ಹೋಗುತ್ತದೆ. ಅಲ್ಲಿ ಸರ್ವೆ, ಅಲ್ಲಿ ತಕರಾರು. "ಗೆದ್ವಲ್ಲ ಸಾರ್, ಜಮೀನೆಲ್ಲಿ?" ಅಂತ ಕಕ್ಷಿದಾರರು ಕೇಳುವುದು ಈ ಹಂತದಲ್ಲೇ. ಉತ್ತರ ಕೊಡುವ ತಾಳ್ಮೆಯೂ ಜೂನಿಯರ್ ಕಲಿಯಬೇಕಾದ ವಿದ್ಯೆ.

ಪಾಟೀ ಸವಾಲು

ಸಿನಿಮಾದಲ್ಲಿ ತೋರಿಸುವ ವಕೀಲಿಕೆ ಅಂದರೆ ಇದು. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು. ಸಿನಿಮಾದಲ್ಲಿ ಕಿರುಚುತ್ತಾರೆ. ನಮ್ಮ ಕೋರ್ಟುಗಳಲ್ಲಿ ಒಳ್ಳೆಯ ಪಾಟೀ ಸವಾಲು ಎಷ್ಟು ಮೆತ್ತಗಿರುತ್ತದೆ ಅಂದರೆ, ಹಿಂದೆ ಕೂತವರಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಬದು ಒತ್ತುವರಿ ಕೇಸು ಅಂದುಕೊಳ್ಳಿ. ಸಾಕ್ಷಿ ಹೇಳಿದ್ದಾನೆ: ಪ್ರತಿವಾದಿ ಬೆಳಗ್ಗೆ ಆರಕ್ಕೆ ಬದು ಕಿತ್ತಿದ್ದನ್ನು ನಾನೇ ಕಣ್ಣಾರೆ ನೋಡಿದೆ. ವಕೀಲರು ಕೇಳುತ್ತಾರೆ. ನಿಮ್ಮ ಮನೆ ಎಲ್ಲಿದೆ? ಊರೊಳಗೆ. ಜಮೀನಿಗೆ ಎಷ್ಟು ದೂರ? ಒಂದೂವರೆ ಮೈಲಿ. ಹಾಲು ಕರೆದು ಡೈರಿಗೆ ಹಾಕುವುದು ನೀವೇನಾ? ಹೌದು. ಎಷ್ಟು ಗಂಟೆಗೆ? ಆರಕ್ಕೆ. ಅಷ್ಟೇ, ವಕೀಲರು ಅಲ್ಲಿಗೆ ಸುಮ್ಮನಾಗುತ್ತಾರೆ. "ಹಾಗಾದ್ರೆ ಬದು ಹತ್ರ ಹೇಗಿದ್ರಿ?" ಅಂತ ಕೇಳಿದರೆ ಸಾಕ್ಷಿ "ಆವತ್ತು ನನ್ ಮಗ ಹಾಕ್ದ" ಅಂದುಬಿಡುತ್ತಾನೆ. ಆ ಪ್ರಶ್ನೆಯನ್ನು ವಾದದ ದಿನಕ್ಕೆ, ಜಡ್ಜ್ ಮುಂದೆ ಇಡಲು ಉಳಿಸಿಕೊಳ್ಳಬೇಕು. ಆಮೇಲೆ ಶಾಸ್ತ್ರಕ್ಕೆಂಬಂತೆ ಸೂಚನೆಯ ಪ್ರಶ್ನೆಗಳು ಬರುತ್ತವೆ. ಸಾಕ್ಷಿಯ ಹೇಳಿಕೆಯಲ್ಲಿ ಅದು ಹೀಗೆ ಟೈಪ್ ಆಗುತ್ತದೆ: "ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ವಾದಿಗೆ ಸಹಾಯ ಮಾಡಲು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ."

ಯಾವ ಪ್ರಶ್ನೆ ಕೇಳಬಾರದು ಅನ್ನುವುದನ್ನು ಹೇಳಿಕೊಡುವ ಪುಸ್ತಕ ಇಲ್ಲ. ಚೆನ್ನಾಗಿ ಪಾಟೀ ಸವಾಲು ಮಾಡುವವರ ಹಿಂದೆ ಕೂತು, ಅವರು ಎಲ್ಲಿ ನಿಲ್ಲಿಸಿದರು ಅಂತ ಬರೆದುಕೊಳ್ಳಬೇಕು. ನಿಮ್ಮ ಸೀನಿಯರ್ ಕೇಸೇ ಆಗಬೇಕು ಅಂತೇನಿಲ್ಲ, ಕೋರ್ಟ್ ಹಾಲಿನಲ್ಲಿ ಕುರ್ಚಿ ಖಾಲಿ ಇದ್ದರೆ ಸಾಕು.

ದುಡ್ಡು

ಈ ಮಾತನ್ನು ಮನೆಯವರ ಎದುರು ಮೊದಲೇ ಆಡಿಬಿಡುವುದು ಒಳ್ಳೆಯದು. ಜಿಲ್ಲಾ ಮಟ್ಟದಲ್ಲಿ ಜೂನಿಯರ್‌ಗೆ ಸಂಬಳ ಅಂತ ಇರುವುದಿಲ್ಲ. ಕೆಲವರು ತಿಂಗಳಿಗಿಷ್ಟು ಅಂತ ಕೊಡುತ್ತಾರೆ, ಕೆಲವರು ಪೆಟ್ರೋಲಿಗೆ, ಊಟಕ್ಕೆ ಆಗುವಷ್ಟು ಕೊಡುತ್ತಾರೆ, ಕೆಲವರು ಕೆಲಸ ಕಲಿಸುವುದೇ ಸಂಬಳ ಅನ್ನುತ್ತಾರೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಕೊಡದಿದ್ದರೆ ಕೇಳುವವರಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೇಸು ತುಂಬಿರುವ ಸೀನಿಯರ್‌ಗಳು ಜೂನಿಯರ್‌ಗೆ ಬಸ್ ಚಾರ್ಜೂ ಕೊಡದಿರುವುದು ತಪ್ಪು. ಅಪ್ಪನಿಗೆ ತೋಟ ಇದ್ದವರು ಮಾತ್ರ ಈ ವೃತ್ತಿಯಲ್ಲಿ ಉಳಿಯುವ ಹಾಗೆ ಮಾಡುವುದು ಇದೇ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರ ತರಬೇತಿ ಶಿಷ್ಯವೇತನ ಕೊಡುತ್ತದೆ. ಸನದು ಆದ ವರ್ಷವೇ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಅರ್ಜಿ ಕರೆದ ಸುದ್ದಿ ತಾನಾಗಿ ನಿಮ್ಮ ಕಿವಿಗೆ ಬೀಳುವುದಿಲ್ಲ.

ಬೇರೆ ಕೆಲಸ ಮಾಡಿಕೊಂಡು ವಕೀಲಿಕೆ ಮಾಡೋಣ ಅಂದರೆ ಪರಿಷತ್ತಿನ ನಿಯಮ ಬಿಡುವುದಿಲ್ಲ. ಪೂರ್ಣಾವಧಿ ನೌಕರಿಗೆ ಸೇರಿದರೆ ಸನದು ಅಮಾನತಿನಲ್ಲಿಡಬೇಕು. ಅರೆಕಾಲಿಕವಾಗಿ ಕಾನೂನು ಪಾಠ ಹೇಳುವಂಥ ಕೆಲವು ಕೆಲಸಕ್ಕೆ ರಿಯಾಯಿತಿ ಇದೆ. ಜಾಹೀರಾತು ಕೊಡುವ ಹಾಗಿಲ್ಲ, ಬೋರ್ಡು ಕೂಡ ಮಿತವಾಗಿರಬೇಕು. "ಕೇಸು ಗೆಲ್ಸಿ ಸಾರ್, ಬಂದ ಜಮೀನಲ್ಲಿ ಅರ್ಧ ಎಕರೆ ನಿಮಗೇ" ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಫಲಿತಾಂಶದ ಮೇಲೆ ಶುಲ್ಕ ಕಟ್ಟುವುದು, ಆಸ್ತಿಯಲ್ಲಿ ಪಾಲು ಪಡೆಯುವುದು ನಿಯಮಕ್ಕೆ ವಿರುದ್ಧ. ಸನದಿಗೇ ಕುತ್ತು.

ಹಾಗಾದರೆ ಸಂಪಾದನೆ ಶುರುವಾಗುವುದು ಎಲ್ಲಿಂದ? ಜಾಮೀನು ಅರ್ಜಿ, ಚೆಕ್ ಬೌನ್ಸ್, ನೋಟಿಸು ಬರೆಯುವುದು, ಕರಾರು ಪತ್ರ, ವಾಹನ ಅಪಘಾತದ ಪರಿಹಾರದ ಕೇಸು. ಬೆಂಗಳೂರು-ಮಂಗಳೂರು ಹೆದ್ದಾರಿ ಜಿಲ್ಲೆಯನ್ನು ಸೀಳಿಕೊಂಡು ಹೋಗುವುದರಿಂದ ಅಪಘಾತದ ಕೇಸಿಗೆ ದುರದೃಷ್ಟವಶಾತ್ ಬರವಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ಇನ್ನೊಂದು ದಾರಿ. 1987ರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಮುಂತಾದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ವಕೀಲರಿಗೆ ಶುಲ್ಕ ಪ್ರಾಧಿಕಾರದಿಂದ ಬರುತ್ತದೆ. ಮೊತ್ತ ದೊಡ್ಡದಲ್ಲ, ಆದರೆ ಸ್ವಂತವಾಗಿ ಕೇಸು ನಡೆಸುವ ಅವಕಾಶ ಸಿಗುತ್ತದೆ.

ಹಾಸನವೋ ಬೆಂಗಳೂರೋ

ಹೈಕೋರ್ಟು ಬೆಂಗಳೂರಿನಲ್ಲಿದೆ, ದೊಡ್ಡ ಕಂಪನಿಗಳು ಅಲ್ಲಿವೆ. ಹುಡುಗರು ಅಲ್ಲಿಗೆ ಹೊರಡುವುದು ಸಹಜ. ಆದರೂ ಹಿಂದೆ ಮುಂದೆ ಯಾರೂ ಇಲ್ಲದವರು ಮೊದಲ ಮೂರು ವರ್ಷ ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ, ಕೇಸು ಜಾಸ್ತಿ ಇರುವ ಸಿವಿಲ್ ಸೀನಿಯರ್ ಹತ್ತಿರ ಇರುವುದು ಲೇಸು ಅನ್ನುವವನು ನಾನು. ಕಾರಣ ಇದೆ. ಹೈಕೋರ್ಟಿನಲ್ಲಿ ಹೆಚ್ಚಾಗಿ ಮೇಲ್ಮನವಿ, ರಿಟ್. ಅಲ್ಲಿಗೆ ಹೋಗುವ ಹೊತ್ತಿಗೆ ಸಾಕ್ಷ್ಯ ಎಲ್ಲ ಮುಗಿದಿರುತ್ತದೆ. ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ಕೇಸು ಕಟ್ಟುವುದು ವಿಚಾರಣಾ ಕೋರ್ಟಿನಲ್ಲಿ. ಇಲ್ಲಿ ಕಲಿತವರು ಅಲ್ಲಿಗೆ ಹೋಗಿ ನಿಭಾಯಿಸುತ್ತಾರೆ. ಅಲ್ಲಿ ಶುರು ಮಾಡಿದವರು ಇಲ್ಲಿಗೆ ಬಂದು ಪಾಟೀ ಸವಾಲಿಗೆ ನಿಂತರೆ ತಡವರಿಸುವುದನ್ನು ನೋಡಿದ್ದೇನೆ.

ಕನ್ನಡದ ವಿಷಯವೂ ಇದೆ. ಸಂವಿಧಾನದ 348ನೇ ವಿಧಿಯಿಂದಾಗಿ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಜಿಲ್ಲೆಯಲ್ಲಿ ಸಾಕ್ಷ್ಯ ಕನ್ನಡದಲ್ಲಿ, ದಾವೆ ಕನ್ನಡದಲ್ಲಿ ಹಾಕಬಹುದು, ವಾದವನ್ನೂ ಕನ್ನಡದಲ್ಲಿ ಮಾಡಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ವಕೀಲಿಕೆಯ ಆಸೆಯನ್ನೇ ಬಿಡುವವರಿಗೆ ಇದನ್ನು ಹೇಳಬೇಕು. ಆದರೆ ತೀರ್ಪುಗಳನ್ನು ಓದಲಾದರೂ ಇಂಗ್ಲಿಷ್ ಬೇಕು. ದಿನಕ್ಕೊಂದು ತೀರ್ಪು ನಿಘಂಟು ಇಟ್ಟುಕೊಂಡು ಓದಿದರೆ ಎರಡು ವರ್ಷದಲ್ಲಿ ಹಿಡಿತಕ್ಕೆ ಬರುತ್ತದೆ.

ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರಿಗೆ ಒಂದು ಮಾತು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಹಾಸನದಲ್ಲೇ ವಕೀಲಿಕೆ ಮಾಡಿದವರು. ಬರಹಗಾರ್ತಿಯಾಗಿ ಹೆಸರಾದವರು, ಆದರೆ ಊರಿಗೆ ಅವರು ಲಾಯರ್ ಮೇಡಂ ಕೂಡ. ಕಷ್ಟ ಇರುವುದು ಕೋರ್ಟಿನಲ್ಲಿ ಅಲ್ಲ, ಸಂಜೆಯ ಆಫೀಸಿನಲ್ಲಿ. ರಾತ್ರಿ ಒಂಬತ್ತಕ್ಕೆ ಆಫೀಸು ಮುಗಿದರೆ ಆಲೂರು, ಅರಕಲಗೂಡಿನ ಹಳ್ಳಿಗೆ ಬಸ್ಸು ಎಲ್ಲಿ? ಸೇರುವ ಮುಂಚೆಯೇ ಸೀನಿಯರ್ ಹತ್ತಿರ ಇದನ್ನು ಮಾತಾಡಿಕೊಳ್ಳಿ. ಏಳಕ್ಕೆ ಹೊರಡುವ ಜೂನಿಯರನ್ನು ಕೆಲಸಗಳ್ಳಿ ಅಂತ ನೋಡದ ಆಫೀಸುಗಳು ಇವೆ. ಹುಡುಕಬೇಕು.

ಜಡ್ಜ್ ಆಗುವ ಆಸೆ

ಕಾನೂನು ಓದುವವರಲ್ಲಿ ಅರ್ಧ ಜನಕ್ಕೆ ಕಣ್ಣು ಇರುವುದು ಸಿವಿಲ್ ಜಡ್ಜ್ ಪರೀಕ್ಷೆಯ ಮೇಲೆ. ಪದವಿ ಮುಗಿಸಿ ನೇರ ಬರೆಯುವ ಕಾಲ ಹೋಯಿತು. ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿತು. ತಾತ್ಕಾಲಿಕ ನೋಂದಣಿ, ಅಂದರೆ ಎಐಬಿಇಗೆ ಮುಂಚಿನ ಸನದು, ಆದ ದಿನದಿಂದ ಲೆಕ್ಕ. 10 ವರ್ಷ ಅನುಭವದ ವಕೀಲರು ಪ್ರಮಾಣ ಪತ್ರ ಕೊಡಬೇಕು, ನ್ಯಾಯಾಧೀಶರು ದೃಢೀಕರಿಸಬೇಕು. ಕೋಚಿಂಗ್ ಸೆಂಟರಿನಲ್ಲಿ ಕೂತು ಕಳೆದ ವರ್ಷ ಇದಕ್ಕೆ ಬಾರದು. ನಮ್ಮ ರಾಜ್ಯದ ಈ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದದ ಪತ್ರಿಕೆಯೂ ಇದೆ. ಜಿಲ್ಲಾ ಕೋರ್ಟಿನಲ್ಲಿ ಸಾಕ್ಷ್ಯ ಓದಿ ಅಭ್ಯಾಸ ಇದ್ದವರಿಗೆ ಅದು ಸಲೀಸು. ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು 7 ವರ್ಷದ ವಕೀಲಿಕೆ ಬೇಕು. ನೋಟರಿ ಆಗಲು ಸಾಮಾನ್ಯವಾಗಿ 10 ವರ್ಷ. ಸರ್ಕಾರಿ ಅಭಿಯೋಜಕರ ಹುದ್ದೆ, ಬ್ಯಾಂಕಿನ ಕಾನೂನು ಅಧಿಕಾರಿ ಹುದ್ದೆಗಳೂ ಇವೆ, ಅವುಗಳ ಪ್ರಕಟಣೆ ಬಂದಾಗ ಓದಿಕೊಳ್ಳಿ.

ಫೀಸು ಕಟ್ಟುವ ಮುಂಚೆ ಮಾಡಬಹುದಾದ ಒಂದು ಕೆಲಸ ಇದೆ, ಕಾಸು ಖರ್ಚಿಲ್ಲದ್ದು. ಮಗನನ್ನೋ ಮಗಳನ್ನೋ ಒಂದು ವಾರ ಕೋರ್ಟಿಗೆ ಕಳಿಸಿ. ಪೋಕ್ಸೋ, ಕೌಟುಂಬಿಕ ಪ್ರಕರಣಗಳಂಥ ಕೆಲವನ್ನು ಬಿಟ್ಟರೆ ಕೋರ್ಟ್ ಹಾಲು ಎಲ್ಲರಿಗೂ ತೆರೆದದ್ದು. ಮೊಬೈಲ್ ಸೈಲೆಂಟಿನಲ್ಲಿಟ್ಟು, ಜಡ್ಜ್ ಬಂದಾಗ ಎದ್ದು ನಿಂತು, ಹಿಂದಿನ ಬೆಂಚಿನಲ್ಲಿ ಕೂರಲಿ. ಬೆಳಗ್ಗೆ ಬರೀ ದಿನಾಂಕ ಕೊಡುವುದೇ ನಡೆಯುತ್ತದೆ, ಬೇಸರ ಆಗುತ್ತದೆ. ಮಧ್ಯಾಹ್ನದ ಮೇಲೆ ಸಾಕ್ಷ್ಯ, ವಾದ ಇರುವ ಹಾಲು ಹುಡುಕಿಕೊಳ್ಳಲಿ. ಕೇಳಿದ ಒಂದು ಕೇಸಿನ ನಂಬರ್ ಬರೆದುಕೊಂಡು ಬಂದು, ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ ನೋಡಲಿ. ಆ ಕೇಸು ಯಾವ ವರ್ಷ ಶುರುವಾಯಿತು, ಎಷ್ಟು ಸಲ ಮುಂದಕ್ಕೆ ಹೋಯಿತು, ಮುಂದಿನ ದಿನಾಂಕ ಯಾವಾಗ ಅಂತ ಎಲ್ಲ ಅಲ್ಲೇ ಇರುತ್ತದೆ. ಆ ದಿನ ಮತ್ತೆ ಕೋರ್ಟಿಗೆ ಹೋಗೋಣ ಅಂತ ಅವರಾಗಿಯೇ ಹೊರಟರೆ ಅರ್ಜಿ ತುಂಬಿ.